ಸ್ಕೂಟರ್ ಪೇಟೆಯಲ್ಲಿ ಉತ್ತವರು, ಬಿತ್ತವರು

ಸ್ಕೂಟರ್ ಖರೀದಿ ನಮ್ಮ ಮಧ್ಯಮ ವರ್ಗದ ಕುಟುಂಬಗಳಲ್ಲಿ ಒಬ್ಬರ ತೀರ್ಮಾನವಲ್ಲ. ಮೈಲೇಜ್ ಎಷ್ಟು, ಬಿಡಿಭಾಗ ದೊರೆಯುವುದೇ, ಊರಿನ ಮೆಕ್ಯಾನಿಕ್‌ಗೆ ರಿಪೇರಿ ತಿಳಿದಿದೆಯೇ, ಮುಂದೆ ಮಾರಿದರೆ ಎಷ್ಟು ಬಂದೀತು ಎಂಬುದನ್ನೆಲ್ಲ ವಿಚಾರಿಸಿಯೇ ಮನೆಯ ಹಣ ಹೊರಬೀಳುತ್ತದೆ. ಗ್ರಾಹಕರ ಈ ಎಚ್ಚರವೇ ಉದ್ಯಮವನ್ನೂ ಸಂಪ್ರದಾಯಬದ್ಧವಾಗಿಸಿತ್ತು. ಕೆಲವೇ ದೊಡ್ಡ ಕಂಪೆನಿಗಳು ಪೆಟ್ರೋಲ್ ಎಂಜಿನನ್ನು ನೆಚ್ಚಿ ದಶಕಗಳನ್ನು ಕಳೆದಿದ್ದವು. ಇಂತಹ ಪೇಟೆಯನ್ನು ಬೆಂಗಳೂರಿನ ಏಥರ್ ಎನರ್ಜಿ ಹೊಕ್ಕ ಬಗೆ ಪರಿಶೀಲನಾರ್ಹವಾಗಿದೆ.

ಮದರಾಸು ಐಐಟಿಯಲ್ಲಿ ಓದಿದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ 2013ರಲ್ಲಿ ಇದನ್ನು ಸ್ಥಾಪಿಸಿದರು. ಮೊದಲ ಸ್ಕೂಟರ್ ಮಾರಾಟಕ್ಕೆ ಬಂದದ್ದು 2018ರಲ್ಲಿ. ವಿದ್ಯುತ್ ಸ್ಕೂಟರೆಂದರೆ ಗಂಟೆಗೆ 25 ಕಿ.ಮೀ. ಓಡುವ ಬಡಕಲು ವಾಹನವೆಂಬ ಭಾವನೆ ಅಷ್ಟರಲ್ಲಿ ಬೇರೂರಿತ್ತು. ಆದ್ದರಿಂದ ವಾಹನವನ್ನು ತಯಾರಿಸಿದರಷ್ಟೇ ಸಾಲದಾಯಿತು. ಚಾರ್ಜಿಂಗ್ ಕೇಂದ್ರಗಳನ್ನೂ ಕಂಪೆನಿಯೇ ಸ್ಥಾಪಿಸಬೇಕಾಯಿತು. ತನ್ನ ಚಾರ್ಜಿಂಗ್ ಪ್ಲಗ್ಗಿನ ವಿನ್ಯಾಸವನ್ನು ಅದು ಇತರ ತಯಾರಕರಿಗೂ ತೆರೆದಿಟ್ಟಿತು. 2023ರಲ್ಲಿ ಆ ವಿನ್ಯಾಸಕ್ಕೆ ಭಾರತೀಯ ಮಾನಕ ಬ್ಯೂರೋದ ಮಾನ್ಯತೆಯೂ ದೊರೆಯಿತು. ಇದು ಕೇವಲ ಔದಾರ್ಯವಲ್ಲ. ಕಂಪೆನಿಗೊಂದು ಪ್ಲಗ್ ಇರುವ ಕಡೆ ಯಾರ ಪೇಟೆಯೂ ಬೆಳೆಯಲಾರದು.

ಆದರೆ ಫಸಲನ್ನು ಹಳಬರೂ ಕೊಯ್ದರು. ಬಜಾಜ್ ಮತ್ತು ಟಿವಿಎಸ್ ತಮ್ಮ ವಿದ್ಯುತ್ ಸ್ಕೂಟರುಗಳನ್ನು ತಂದದ್ದು 2020ರ ಜನವರಿಯಲ್ಲಿ. 2025ರ ಮಾರಾಟದಲ್ಲಿ ಎರಡೂ ಏಥರ್‌ಗಿಂತ ಮುಂದಿದ್ದವು. ಊರೂರಿನಲ್ಲಿ ಡೀಲರುಗಳಿರುವ ಮನೆತನಗಳಿಗೆ ಇದು ಕಷ್ಟವೇನಲ್ಲ. 2023ರ ಜೂನ್‌ನಲ್ಲಿ ಕೇಂದ್ರದ ಸಹಾಯಧನದ ಮಿತಿ ಬೆಲೆಯ ಶೇ. 40ರಿಂದ 15ಕ್ಕೆ ಇಳಿದಾಗ ಪೆಟ್ಟು ಎಲ್ಲರಿಗೂ ಬಿತ್ತು. ಪೆಟ್ರೋಲ್ ವಾಹನದ ಲಾಭವಿದ್ದವರು ಅದನ್ನು ಹೆಚ್ಚು ಸುಲಭವಾಗಿ ತಾಳಿಕೊಳ್ಳಬಲ್ಲರು. 2025ರ ಮೇ ತಿಂಗಳಲ್ಲಿ ಷೇರುಪೇಟೆ ಸೇರಿದ ಏಥರ್, ಅದರ ಹಿಂದಿನ ಆರ್ಥಿಕ ವರ್ಷದಲ್ಲಿ ಸುಮಾರು 812 ಕೋಟಿ ರೂಪಾಯಿ ನಷ್ಟ ಅನುಭವಿಸಿತ್ತು.

ಕಂಪೆನಿಯನ್ನು ಮನೆಮನೆಗೆ ಹತ್ತಿರ ತಂದದ್ದು ವೇಗವಲ್ಲ, ಆಸನ. 2024ರಲ್ಲಿ ಬಂದ 'ರಿಜ್ಟಾ'ದ ಉದ್ದನೆಯ ಆಸನ ಹಾಗೂ ಸಾಮಾನಿಡುವ ವಿಶಾಲ ಜಾಗ, ಯುವಕರ ವಾಹನವೆನಿಸಿದ್ದನ್ನು ಭಾನುವಾರ ದಂಪತಿಗಳು ಪೂಜೆಗೆ ಹೋಗುವ ವಾಹನವಾಗಿಸಿದವು. ವರ್ಷದೊಳಗೆ ಕಂಪೆನಿಯ ಮಾರಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದರದ್ದಾಯಿತು. ಇನ್ನು ಬ್ಯಾಟರಿಯ ಭಯ. ಹೆಚ್ಚುವರಿ ಹಣ ತೆತ್ತವರಿಗೆ 8 ವರ್ಷ ಅಥವಾ 80,000 ಕಿ.ಮೀ.ವರೆಗೆ ಶೇ. 70ರಷ್ಟು ಸಾಮರ್ಥ್ಯದ ಖಾತರಿಯನ್ನು ಕಂಪೆನಿ ಈಗ ನೀಡುತ್ತಿದೆ. ಮೆಕ್ಯಾನಿಕ್‌ನ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ: ಕಾರ್ಬ್ಯುರೇಟರ್ ಬಿಚ್ಚಿ ಬದುಕಿದವನಿಗೆ ಈ ವಾಹನದ ಸಾಫ್ಟ್‌ವೇರ್ ಕಲಿಸುವವರು ಯಾರು?