ಭೂಬಳಕೆ ಬದಲಾವಣೆ: ಆಕ್ಷೇಪಣೆಗೆ ಹದಿನೈದು ದಿನ ಸಾಕೇ?

ಬೆಂಗಳೂರಿನಲ್ಲಿ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಅಂಗಡಿ ತೆರೆಯಬಹುದು, ಎಲ್ಲಿ ಕಾರ್ಖಾನೆ ನಡೆಸಬಹುದು ಎಂಬುದು ಇಂದಿಗೂ ನಿರ್ಧಾರವಾಗುತ್ತಿರುವುದು ರಾಜ್ಯ ಸರ್ಕಾರ 2007ರ ಜೂನ್‌ನಲ್ಲಿ ಅನುಮೋದಿಸಿದ ಪರಿಷ್ಕೃತ ಮಹಾಯೋಜನೆ–2015ರ ಪ್ರಕಾರ. ಹೆಸರೇ ಹೇಳುವಂತೆ ಅದು 2015ರವರೆಗಿನ ಅಗತ್ಯಕ್ಕಾಗಿ ತಯಾರಾದದ್ದು. 2031ಕ್ಕೆಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) 2017ರ ನವೆಂಬರ್‌ನಲ್ಲಿ ಹೊಸ ಕರಡು ಪ್ರಕಟಿಸಿತು. ಅದಕ್ಕೆ ಸಾವಿರಾರು ಆಕ್ಷೇಪಣೆಗಳು ಬಂದವು. 2020ರಲ್ಲಿ ಸರ್ಕಾರ ಆ ಕರಡನ್ನೇ ಹಿಂಪಡೆದು, 2041ರ ಯೋಜನೆಯತ್ತ ಹೊರಳಿತು.

ಈ ನಡುವೆ ಆಡಳಿತದ ಚೌಕಟ್ಟೂ ಬದಲಾಗಿದೆ. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಂತೆ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ನಗರ ಯೋಜನೆಯ ಹೊಣೆ ಬಿಡಿಎಯಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಹೋಯಿತು. ಹೊಸ ಮಹಾಯೋಜನೆ ಇಂದಲ್ಲ ನಾಳೆ ಬರಲೇಬೇಕು. ಅದು ಬಂದಾಗ ಓದಿ, ಅರ್ಥ ಮಾಡಿಕೊಂಡು, ಆಕ್ಷೇಪಣೆ ಬರೆಯಲು ಸಾಮಾನ್ಯ ನಿವಾಸಿಗೆ ಎಷ್ಟು ಸಮಯ ಸಿಗುತ್ತದೆ ಎಂಬುದನ್ನು ಈಗಲೇ ಕೇಳಬೇಕಾಗಿದೆ.

ನಕ್ಷೆಯ ಬಣ್ಣ, ಬೀದಿಯ ಬದುಕು

ಮಹಾಯೋಜನೆಯ ನಕ್ಷೆಯಲ್ಲಿ ಹಳದಿ ಎಂದರೆ ವಸತಿ, ನೀಲಿ ಎಂದರೆ ವಾಣಿಜ್ಯ, ನೇರಳೆ ಎಂದರೆ ಕೈಗಾರಿಕೆ, ಕೆಂಪು ಎಂದರೆ ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಬಳಕೆ, ಹಸಿರು ಎಂದರೆ ಉದ್ಯಾನ. ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿ ಈ ಬಣ್ಣಗಳು ನಕ್ಷೆಯಲ್ಲಿದ್ದಷ್ಟು ಬೇರೆ ಬೇರೆಯಾಗಿಲ್ಲ. ಕೆಳಗೆ ಲೇತ್ ಯಂತ್ರ, ಮೇಲೆ ಮನೆ. ಪಕ್ಕದಲ್ಲಿ ಕಿರಾಣಿ ಅಂಗಡಿ, ಹಿಂದೆ ಗೋದಾಮು. ದಶಕಗಳಿಂದ ಸಣ್ಣ ಕೈಗಾರಿಕೆಗಳೇ ಇಲ್ಲಿನ ಸಾವಿರಾರು ಕುಟುಂಬಗಳ ಅನ್ನ.

ಇಂತಹ ಬೀದಿಗೆ ನಕ್ಷೆಯಲ್ಲಿ ಯಾವ ಬಣ್ಣ ಬಳಿಯಲಾಗುತ್ತದೆ ಎಂಬುದು ಸಣ್ಣ ವಿಷಯವಲ್ಲ. ಇರುವ ಬಳಕೆ ಹಾಗೆಯೇ ಮುಂದುವರಿಯಬಹುದು. ಆದರೆ ಹೊಸ ಕಟ್ಟಡದ ನಕ್ಷೆಗೆ ಮಂಜೂರಾತಿ ಕೇಳಿದಾಗ, ಉದ್ದಿಮೆ ಪರವಾನಗಿಗೆ ಹೋದಾಗ, ಬ್ಯಾಂಕಿನಲ್ಲಿ ಸಾಲ ಕೇಳಿದಾಗ ಆ ಬಣ್ಣ ಅಡ್ಡ ಬರುತ್ತದೆ. ಮಾಲೀಕನಿಗೆ ವಿಷಯ ತಿಳಿಯುವುದು ಆಗ. ಅಷ್ಟರಲ್ಲಿ ಆಕ್ಷೇಪಣೆಯ ಗಡುವು ಮುಗಿದು ವರ್ಷಗಳೇ ಆಗಿರುತ್ತವೆ.

ಈ ಭಾಗದಲ್ಲಿ ಎರಡು ಕಾರಣಗಳಿಂದ ಎಚ್ಚರ ಹೆಚ್ಚು ಬೇಕು. ಒಂದು, ಮೆಟ್ರೊ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೂರನೇ ಹಂತದ 44.65 ಕಿ.ಮೀ. ಮಾರ್ಗದಲ್ಲಿ ಹೊಸಹಳ್ಳಿಯಿಂದ ಕಡಬಗೆರೆವರೆಗಿನ 12.5 ಕಿ.ಮೀ. ಮಾಗಡಿ ರಸ್ತೆಯ ಮೇಲೆಯೇ ಸಾಗುತ್ತದೆ. ಮೆಟ್ರೊ ಬಂದಲ್ಲಿ ಎತ್ತರದ ಕಟ್ಟಡಗಳಿಗೆ ಅವಕಾಶ ಕೇಳುವವರು ಬರುತ್ತಾರೆ, ಜಾಗದ ಬೆಲೆ ಏರುತ್ತದೆ, ಭೂಬಳಕೆ ಬದಲಾವಣೆಯ ಅರ್ಜಿಗಳೂ ಹೆಚ್ಚುತ್ತವೆ.

ಇನ್ನೊಂದು, ವೃಷಭಾವತಿ ಕಣಿವೆ. ರಾಜಕಾಲುವೆಯಿಂದ ಎಷ್ಟು ದೂರ ಕಟ್ಟಬಾರದು ಎಂಬ ನಿಯಮ ಕೆಲವೇ ವರ್ಷಗಳಲ್ಲಿ ಎರಡು ಸಲ ಬದಲಾಯಿತು. ಮಹಾಯೋಜನೆಯಲ್ಲಿ ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗಳಿಗೆ ಕ್ರಮವಾಗಿ 50, 25, 15 ಮೀಟರ್ ಎಂದಿತ್ತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 50, 35, 25 ಮೀಟರ್ ಮಾಡಿತು. ಕೆರೆಗಳಿಗೆ 30 ಇದ್ದದ್ದು 75 ಆಯಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ ಹಳೆಯ ಅಳತೆಯನ್ನೇ ಉಳಿಸಿತು. ಮೂವತ್ತು ಅಡಿ ಅಗಲದ ನಿವೇಶನ ಇರುವವರಿಗೆ ಹತ್ತು ಮೀಟರ್ ವ್ಯತ್ಯಾಸವೆಂದರೆ ಇಡೀ ನಿವೇಶನವೇ. ಇಂತಹ ಗೆರೆ ತನ್ನ ಸರ್ವೆ ನಂಬರಿನ ಮೇಲೆ ಎಲ್ಲಿ ಹಾದುಹೋಗಿದೆ ಎಂದು ನೋಡಿಕೊಳ್ಳಲು ಮನುಷ್ಯನಿಗೆ ಸಮಯ ಬೇಡವೇ?

ಕಾನೂನಿನಲ್ಲಿ ಇರುವುದೇನು?

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಕಲಂ ಪ್ರಕಾರ ಇಡೀ ಮಹಾಯೋಜನೆಗೆ ಸಾರ್ವಜನಿಕರು 60 ದಿನಗಳಲ್ಲಿ ಅಭಿಪ್ರಾಯ ಸಲ್ಲಿಸಬಹುದು. ಯೋಜನೆ ಜಾರಿಯಾದ ಮೇಲೆ ಒಂದು ನಿರ್ದಿಷ್ಟ ಜಾಗದ ಬಳಕೆ ಬದಲಿಸಬೇಕಾದರೆ 14-ಎ ಕಲಂ ಅನ್ವಯಿಸುತ್ತದೆ. ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು. ಪ್ರಸ್ತಾವನೆಯನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಬೇಕು. ಆಕ್ಷೇಪಣೆಗೆ ‘ಹದಿನೈದು ದಿನಗಳಿಗಿಂತ ಕಡಿಮೆಯಿಲ್ಲದ’ ಅವಧಿ ಕೊಡಬೇಕು.

ಮಹಾಯೋಜನೆಯ ಚರ್ಚೆ ನಡೆಯುವುದು ಹತ್ತು ಹದಿನೈದು ವರ್ಷಕ್ಕೊಮ್ಮೆ. ಪಕ್ಕದ ನಿವೇಶನದ ಬಳಕೆ ಬದಲಾಗುವುದು ಮಾತ್ರ ಯಾವಾಗ ಬೇಕಾದರೂ ಆಗಬಹುದು. ಹಾಗಾಗಿ ನಿವಾಸಿಯ ಪಾಲಿಗೆ ಹೆಚ್ಚು ಮುಖ್ಯವಾದದ್ದು ಈ ಹದಿನೈದು ದಿನ. ಪ್ರಕಟಣೆ ಕಣ್ಣಿಗೆ ಬೀಳಬೇಕು, ಅದರಲ್ಲಿನ ಸರ್ವೆ ನಂಬರು ನಮ್ಮ ಬೀದಿಯದೇ ಎಂದು ಗೊತ್ತಾಗಬೇಕು, ಕಚೇರಿಗೆ ಹೋಗಿ ಕಡತ ಮತ್ತು ನಕ್ಷೆ ನೋಡಬೇಕು, ತಿಳಿದವರನ್ನು ಕೇಳಿ ಬರವಣಿಗೆಯಲ್ಲಿ ಕೊಡಬೇಕು. ಭಾನುವಾರ, ಸರ್ಕಾರಿ ರಜೆಗಳನ್ನು ಕಳೆದರೆ ಉಳಿಯುವುದು ಹತ್ತು ಹನ್ನೊಂದು ದಿನ. ದಶಲಕ್ಷಣ ಪರ್ವದ ಮೊದಲ ದಿನ ಇಂತಹ ಪ್ರಕಟಣೆ ಹೊರಬಿದ್ದರೆ, ಪರ್ವ ಮುಗಿಯುವ ಹೊತ್ತಿಗೆ ಅವಧಿಯ ಮೂರರಲ್ಲಿ ಎರಡು ಪಾಲು ತೀರಿರುತ್ತದೆ. ಕೇಂದ್ರ ಸರ್ಕಾರದ 2014ರ ನೀತಿ ಮಸೂದೆಗಳ ಕರಡಿಗೇ ಕನಿಷ್ಠ 30 ದಿನ ಸಾರ್ವಜನಿಕ ಅವಕಾಶ ಇರಲಿ ಎನ್ನುತ್ತದೆ. ಮನೆಯ ಪಕ್ಕದ ಜಾಗಕ್ಕೆ ಅದರ ಅರ್ಧ ಏಕೆ?

ಗಮನಿಸಬೇಕಾದ ಮಾತು ‘ಕಡಿಮೆಯಿಲ್ಲದ’ ಎಂಬುದು. ಹದಿನೈದು ದಿನ ಎಂಬುದು ಕನಿಷ್ಠ ಮಿತಿ. 30 ಅಥವಾ 45 ದಿನ ಕೊಡಲು ಪ್ರಾಧಿಕಾರಕ್ಕೆ ಕಾನೂನು ತಿದ್ದುಪಡಿ ಬೇಕಿಲ್ಲ, ಮನಸ್ಸು ಮಾಡಿದರೆ ಸಾಕು.

ವಿಳಂಬ ಎಲ್ಲಿಂದ ಬರುತ್ತದೆ?

ಹೆಚ್ಚು ಸಮಯ ಕೊಟ್ಟರೆ ಯೋಜನೆ ತಡವಾಗುತ್ತದೆ, ಅಷ್ಟರಲ್ಲಿ ಅಕ್ರಮ ಕಟ್ಟಡಗಳು ಏಳುತ್ತವೆ ಎಂಬ ವಾದವಿದೆ. ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಯೋಜನೆಯಿಲ್ಲದ ನಗರ ಯಾರಿಗೂ ಒಳ್ಳೆಯದಲ್ಲ. ಆದರೆ ಬೆಂಗಳೂರಿನ ಲೆಕ್ಕ ನೋಡಿ. 2031ರ ಕರಡಿಗೆ ಜನ ತೆಗೆದುಕೊಂಡದ್ದು 60 ದಿನ. ಕರಡು ಹೊರಬಿದ್ದು ಹಿಂಪಡೆಯುವವರೆಗೆ ಕಳೆದದ್ದು ಎರಡು ವರ್ಷಕ್ಕೂ ಹೆಚ್ಚು. ಅದಾದ ಮೇಲೂ ಹೊಸ ಯೋಜನೆ ಕೈಗೆ ಬಂದಿಲ್ಲ. ಇನ್ನೊಂದು ತಿಂಗಳು ಜನರಿಗೆ ಕೊಟ್ಟಿದ್ದರೆ ನಗರಕ್ಕೆ ಆಗುತ್ತಿದ್ದ ನಷ್ಟ ಅಲ್ಪವೇ.

ಮುಂಬೈಯ ಅನುಭವ ಇನ್ನೂ ಸ್ಪಷ್ಟ. ಅಲ್ಲಿ 2015ರ ಫೆಬ್ರುವರಿಯಲ್ಲಿ ಪ್ರಕಟವಾದ 2034ರ ಕರಡು ಯೋಜನೆಗೆ ಹತ್ತಾರು ಸಾವಿರ ಆಕ್ಷೇಪಣೆಗಳು ಬಂದವು. ನಕ್ಷೆಯ ತಪ್ಪುಗಳನ್ನು ತೋರಿಸಿದ್ದು ಆಯಾ ಬಡಾವಣೆಯವರೇ. ಏಪ್ರಿಲ್‌ನಲ್ಲಿ ಸರ್ಕಾರ ಆ ಕರಡನ್ನು ರದ್ದುಗೊಳಿಸಿತು. ತಿದ್ದಿದ ಕರಡು 2016ರಲ್ಲಿ ಬಂದು, 2018ರಲ್ಲಿ ಮಂಜೂರಾಯಿತು. ಜನರ ಆಕ್ಷೇಪಣೆಯಿಂದ ಯೋಜನೆ ಕೆಡಲಿಲ್ಲ, ತಪ್ಪು ಕಡಿಮೆಯಾಗಿ ಜಾರಿಗೆ ಬಂತು.

ದಿನಗಳ ಜೊತೆಗೆ ಭಾಷೆಯೂ ಮುಖ್ಯ. 2020ರಲ್ಲಿ ಕೇಂದ್ರದ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆಗೆ ರಾಜ್ಯದಲ್ಲಿ, ಕನ್ನಡದಲ್ಲಿ ಸಾಕಷ್ಟು ಪ್ರಚಾರ ಸಿಕ್ಕಿಲ್ಲ ಎಂಬ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಗೆ ಆಗಸ್ಟ್‌ನಲ್ಲಿ ಮಧ್ಯಂತರ ತಡೆ ನೀಡಿತ್ತು. ಜನರಿಗೆ ಅರ್ಥವಾಗದ ದಾಖಲೆಯ ಮೇಲೆ ಅಭಿಪ್ರಾಯ ಕೇಳುವುದು ಕೇಳಿದಂತಾಗದು.

ಏನು ಕೇಳಬೇಕು, ಏನು ಮಾಡಬೇಕು?

ಪ್ರಾಧಿಕಾರದಿಂದ ಕೇಳಬೇಕಾದದ್ದು ಮೂರು. ಗಡುವಿನ ಎಣಿಕೆ, ವಾರ್ಡ್ ಮಟ್ಟದ ನಕ್ಷೆ ಮತ್ತು ಕನ್ನಡದ ಸಾರಾಂಶ ಜನರ ಕೈಗೆ ಸಿಕ್ಕ ದಿನದಿಂದ ಶುರುವಾಗಲಿ. ಒಂದೊಂದೇ ಜಾಗದ ಬಳಕೆ ಬದಲಾವಣೆಗೆ ಕನಿಷ್ಠ 30 ದಿನ ಇರಲಿ, ಸೂಚನೆಯ ಫಲಕ ಆ ಜಾಗದಲ್ಲಿಯೇ ನಿಲ್ಲಲಿ. ಬಂದ ಆಕ್ಷೇಪಣೆಗೆ ಒಪ್ಪಿದೆವು ಅಥವಾ ಒಪ್ಪಲಿಲ್ಲ ಎಂದು ಕಾರಣ ಸಹಿತ ಉತ್ತರ ಪ್ರಕಟವಾಗಲಿ.

ನಮ್ಮ ಕಡೆಯಿಂದಲೂ ಕೆಲಸವಿದೆ. ಬಸದಿ, ವಿದ್ಯಾರ್ಥಿ ನಿಲಯ, ಸಮುದಾಯ ಭವನಗಳ ಟ್ರಸ್ಟ್‌ಗಳು ತಮ್ಮ ಆಸ್ತಿಯ ಸರ್ವೆ ನಂಬರು, ಖಾತೆ, ಮಂಜೂರಾದ ನಕ್ಷೆ ಇವುಗಳನ್ನು ಒಂದೆಡೆ ಜೋಡಿಸಿ, 2015ರ ಮಹಾಯೋಜನೆಯಲ್ಲಿ ಆ ಜಾಗಕ್ಕೆ ಯಾವ ಬಣ್ಣವಿದೆ ಎಂದು ಈಗಲೇ ನೋಡಿಟ್ಟುಕೊಳ್ಳಬೇಕು. ಮನೆಯ ಕೆಳಗೆ ಅಂಗಡಿಯೋ ಕಾರ್ಖಾನೆಯೋ ನಡೆಸುವವರೂ ಅಷ್ಟೇ. ಪ್ರತಿ ಬಡಾವಣೆಯಲ್ಲಿ ಇಬ್ಬರು ಮೂವರು ಪತ್ರಿಕಾ ಪ್ರಕಟಣೆಗಳನ್ನು ದಿನವೂ ನೋಡುವ ಹೊಣೆ ಹೊತ್ತರೆ, ಹದಿನೈದು ದಿನದ ಗಡುವಿನಲ್ಲಿ ಮೊದಲ ವಾರ ವ್ಯರ್ಥವಾಗುವುದು ತಪ್ಪುತ್ತದೆ. ಆಕ್ಷೇಪಣೆ ಕೊಡುವಾಗ ಅದನ್ನು ಬರವಣಿಗೆಯಲ್ಲೇ ಕೊಟ್ಟು, ದಿನಾಂಕ ಸಹಿತ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು. ಮುಂದೆ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೆ ನೆರವಾಗುವುದು ಆ ಸ್ವೀಕೃತಿಯೇ.