ಬಹುಘಟಕ ರಾಸಾಯನಿಕ ಕ್ರಿಯೆಗಳು: ಅಂತರರಾಷ್ಟ್ರೀಯ ಸಮ್ಮೇಳನಗಳು ಹಾಗೂ ಔಷಧ ತಯಾರಿಕೆಯ ಪ್ರಶ್ನೆ

ಮೂರು ಅಥವಾ ಅದಕ್ಕಿಂತ ಹೆಚ್ಚು ಕಚ್ಚಾವಸ್ತುಗಳನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿ, ನಡುವೆ ಯಾವುದನ್ನೂ ಬೇರ್ಪಡಿಸದೆ ಒಂದು ಉತ್ಪನ್ನವನ್ನು ಪಡೆಯುವ ವಿಧಾನಕ್ಕೆ ಬಹುಘಟಕ ರಾಸಾಯನಿಕ ಕ್ರಿಯೆ ಎಂದು ಹೆಸರು. ಈ ವಿಷಯಕ್ಕೇ ಮೀಸಲಾದ ಅಂತರರಾಷ್ಟ್ರೀಯ ಸಮ್ಮೇಳನಗಳು 2000ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಆರಂಭಗೊಂಡು, 2003ರಲ್ಲಿ ಇಟಲಿಯ ಜಿನೋವಾ, 2006ರಲ್ಲಿ ಆಮ್‌ಸ್ಟರ್‌ಡ್ಯಾಮ್, 2009ರಲ್ಲಿ ರಷ್ಯಾದ ಯೆಕಟೆರಿನ್‌ಬರ್ಗ್ ನಗರಗಳಲ್ಲಿ ಜರುಗಿದವು. ತಜ್ಞರಿಗಷ್ಟೇ ಸೀಮಿತವೆಂದು ತೋರುವ ಈ ಚರ್ಚೆಯು ಸಾರ್ವಜನಿಕರು ಸೇವಿಸುವ ಮಾತ್ರೆಗಳಿಗೂ ಸಂಬಂಧಿಸಿರುತ್ತದೆ.

ವಿಧಾನವು ಹೊಸದಲ್ಲ. 1850ರಲ್ಲಿಯೇ ಸ್ಟ್ರೆಕರ್ ಎಂಬ ವಿಜ್ಞಾನಿಯು ಈ ಬಗೆಯಲ್ಲಿ ಅಮೈನೋ ಆಮ್ಲವನ್ನು ತಯಾರಿಸುವ ಮಾರ್ಗವನ್ನು ಕಂಡುಕೊಂಡಿದ್ದನು. 1880ರ ದಶಕದ ಆರಂಭದಲ್ಲಿ ಹಾಂಟ್ಜ್ ರೂಪಿಸಿದ ಕ್ರಿಯೆಯೇ ಮುಂದೆ ರಕ್ತದೊತ್ತಡದ ಔಷಧವಾದ ನಿಫೆಡಿಪಿನ್ ತಯಾರಿಕೆಗೆ ಆಧಾರವಾಯಿತು. 1959ರಲ್ಲಿ ಐವಾರ್ ಉಗಿ ಅವರು ಆಲ್ಡಿಹೈಡ್, ಅಮೈನ್, ಆಮ್ಲ ಹಾಗೂ ಐಸೊಸಯನೈಡ್ ಎಂಬ ನಾಲ್ಕು ಘಟಕಗಳ ಕ್ರಿಯೆಯನ್ನು ಪ್ರಕಟಿಸಿದರು. ಅದರಲ್ಲಿ ವ್ಯರ್ಥವಾಗಿ ಹೊರಬೀಳುವುದು ನೀರು ಮಾತ್ರ. ಐಸೊಸಯನೈಡ್‌ಗಳ ದುರ್ವಾಸನೆಯು ಅಸಹನೀಯವಾದುದರಿಂದ ಅನೇಕರು ಈ ಕ್ಷೇತ್ರದಿಂದ ದೂರ ಉಳಿದಿದ್ದರೆ ಅದು ಆಶ್ಚರ್ಯವಲ್ಲ.

ಹಲವು ಮೇಜುಗಳನ್ನು ಸುತ್ತಬೇಕಾದ ಕಡತವು ಒಂದೇ ಕಿಟಕಿಯಲ್ಲಿ ವಿಲೇವಾರಿಯಾದರೆ ಆಗುವ ಅನುಕೂಲವನ್ನು ಇಲ್ಲಿಯೂ ಕಾಣಬಹುದು. ಪ್ರತಿ ಹಂತದಲ್ಲಿ ಪದಾರ್ಥವನ್ನು ಬೇರ್ಪಡಿಸಿ ಶುದ್ಧೀಕರಿಸಲು ಬೇಕಾಗುವ ದ್ರಾವಕ, ಇಂಧನ ಮತ್ತು ಸಮಯ ಉಳಿಯುತ್ತವೆ. ಆದರೆ ಹಂತಗಳು ಕಡಿಮೆಯಾದ ಮಾತ್ರಕ್ಕೆ ಔಷಧವು ಸುಲಭವಾಗಿ ದೊರಕುವುದೆಂದು ಭಾವಿಸುವುದು ಸರಿಯಲ್ಲ.

ಪ್ರಾಜಿಕ್ವಾಂಟೆಲ್ ಇದಕ್ಕೆ ತಕ್ಕ ನಿದರ್ಶನ. ಸಿಹಿನೀರಿನ ಬಸವನಹುಳುಗಳಲ್ಲಿ ಬೆಳೆದ ಪರೋಪಜೀವಿಗಳು ನೀರಿಗಿಳಿದವರ ಚರ್ಮದ ಮೂಲಕ ದೇಹವನ್ನು ಹೊಕ್ಕು ಉಂಟುಮಾಡುವ ಶಿಸ್ಟೊಸೋಮಿಯಾಸಿಸ್ ರೋಗಕ್ಕೆ ಇದೇ ಮುಖ್ಯ ಔಷಧ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ 25 ಕೋಟಿಗೂ ಹೆಚ್ಚು ಜನರಿಗೆ ಈ ರೋಗದ ಪ್ರತಿಬಂಧಕ ಚಿಕಿತ್ಸೆಯ ಅಗತ್ಯವಿದ್ದು, ಅವರಲ್ಲಿ ಬಹುಪಾಲು ಜನ ಆಫ್ರಿಕಾದವರು. 2010ರಲ್ಲಿ ಅಲೆಕ್ಸಾಂಡರ್ ಡೋಮ್ಲಿಂಗ್ ಮತ್ತು ಸಹೋದ್ಯೋಗಿಗಳು ಉಗಿ ಕ್ರಿಯೆಯಿಂದ ನಾಲ್ಕು ಸರಳ ವಸ್ತುಗಳನ್ನು ಕೂಡಿಸಿ, ದೊರೆತ ಪದಾರ್ಥವನ್ನು ಆಮ್ಲದಿಂದ ಸಂಸ್ಕರಿಸಿ ಈ ಔಷಧವನ್ನು ಪಡೆಯುವ ಮಾರ್ಗವನ್ನು ಪ್ರಕಟಿಸಿದರು.

ತೊಡಕು ಇರುವುದು ಅಣುವಿನ ಆಕಾರದಲ್ಲಿ. ಎಡಗೈ ಮತ್ತು ಬಲಗೈಗಳಂತೆ ಈ ಅಣುವಿಗೆ ಪರಸ್ಪರ ಪ್ರತಿಬಿಂಬವಾದ ಎರಡು ರೂಪಗಳಿವೆ. ಮೇಲ್ಕಂಡ ಮಾರ್ಗದಲ್ಲಿ ಎರಡೂ ಸಮಪ್ರಮಾಣದಲ್ಲಿ ಉಂಟಾಗುತ್ತವೆ. ಒಂದು ರೂಪವು ಹುಳುವನ್ನು ನಾಶಪಡಿಸುತ್ತದೆ. ಇನ್ನೊಂದು ಆ ಕಾರ್ಯಕ್ಕೆ ಬಹುತೇಕ ನಿರುಪಯುಕ್ತವಾಗಿದ್ದು, ಮಾತ್ರೆಯ ಗಾತ್ರವನ್ನೂ ಕಹಿಯನ್ನೂ ಹೆಚ್ಚಿಸುತ್ತದೆ. ದೊಡ್ಡ ಮಾತ್ರೆಯನ್ನು ನುಂಗಲಾರದ, ಕಹಿಯನ್ನು ಉಗುಳಿಬಿಡುವ ಚಿಕ್ಕ ಮಕ್ಕಳಿಗೆ ಇದು ಸಣ್ಣ ವಿಚಾರವಲ್ಲ.

ಆದುದರಿಂದ ಎಷ್ಟು ಘಟಕಗಳನ್ನು ಒಂದೇ ಪಾತ್ರೆಯಲ್ಲಿ ಕೂಡಿಸಬಹುದೆಂಬುದಕ್ಕಿಂತ, ಬೇಕಾದ ರೂಪವನ್ನು ಮಾತ್ರ ಪಡೆಯುವುದು ಹೇಗೆಂಬ ಪ್ರಶ್ನೆಯೇ ಹೆಚ್ಚು ಮಹತ್ವದ್ದಾಗಿದೆ. ನಾಲ್ಕು ಘಟಕಗಳ ಉಗಿ ಕ್ರಿಯೆಯಲ್ಲಿ ವೇಗವರ್ಧಕದ ನೆರವಿನಿಂದ ಒಂದೇ ರೂಪವನ್ನು ಪ್ರಧಾನವಾಗಿ ಪಡೆಯುವ ವಿಧಾನವನ್ನು ಚೀನಾದ ಶೆನ್‌ಜೆನ್‌ನ ಬಿನ್ ಟಾನ್ ಅವರ ತಂಡವು 2018ರಲ್ಲಿ ವರದಿ ಮಾಡಿತು. ಕ್ರಿಯೆಯು ಪ್ರಕಟವಾಗಿ ಆಗ 59 ವರ್ಷಗಳು ಕಳೆದಿದ್ದವು. ಪ್ರಾಜಿಕ್ವಾಂಟೆಲ್‌ನ ಉಪಯುಕ್ತ ರೂಪವನ್ನು ಮಾತ್ರ ಒಳಗೊಂಡ ಮಕ್ಕಳ ಮಾತ್ರೆಗೆ ಯೂರೋಪಿನ ಔಷಧ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ಅನುಕೂಲಕರ ಅಭಿಪ್ರಾಯ ನೀಡಿದ್ದು, ನೀರಿನಲ್ಲಿ ಕರಗುವ ಈ ಮಾತ್ರೆಯು 3 ತಿಂಗಳಿನಿಂದ 6 ವರ್ಷದವರೆಗಿನ ಮಕ್ಕಳಿಗಾಗಿ ಸಿದ್ಧಪಡಿಸಿದುದಾಗಿದೆ.