ಭಾರಕ್ಕೆ ತಕ್ಕ ಬಂಡಿ

ಗೃಹಸ್ಥನು ಹಣ ಕೊಟ್ಟು ತರುವ ಪದಾರ್ಥಗಳಲ್ಲಿ ಕೆಲವು ಒಂಟಿಯಾಗಿ ನಿಲ್ಲಬಲ್ಲವು; ಮತ್ತೆ ಕೆಲವು ತಮಗೊಪ್ಪುವ ಜೊತೆಯನ್ನು ಬೇಡುತ್ತವೆ. ಒರಳಿಗೆ ಒನಕೆ, ಬೀಗಕ್ಕೆ ಕೈ, ಗಾಡಿಗೆ ಎತ್ತು. ಜೊತೆ ತಪ್ಪಿದಲ್ಲಿ ಎರಡಕ್ಕೂ ಕೊಟ್ಟ ಹಣ ವ್ಯರ್ಥ. ಅಮೆರಿಕಾ ದೇಶದಲ್ಲಿ ಬಹುವಾಗಿ ಬಳಕೆಯಲ್ಲಿರುವ ಇಂಥದೊಂದು ಜೋಡಿಯ ವಿಷಯವಾಗಿ ಈ ತಿಂಗಳು ಕೆಲವು ಮಾತುಗಳನ್ನು ಬರೆಯುತ್ತೇವೆ. ನಮ್ಮ ವಾಚಕರಲ್ಲಿ ಎಷ್ಟೋ ಜನರ ಮಕ್ಕಳು ಆ ದೇಶದಲ್ಲಿ ನೆಲೆಸಿದ್ದಾರೆ; ಬೇಸಗೆ ಬಂತೆಂದರೆ ತಾಯಿತಂದೆಗಳನ್ನು ಕರೆಸಿಕೊಂಡು ಊರೂರು ತಿರುಗಿಸಿ ತೋರಿಸಬೇಕೆಂಬ ಆಸೆ ಅವರಿಗೆ ಸಹಜ. ಆದುದರಿಂದ ಈ ವಿಚಾರವು ನಮಗೆ ಸರ್ವಥಾ ಹೊರಗಿನದೆಂದು ಹೇಳುವಂತಿಲ್ಲ.

ಹಿಂಭಾಗದಲ್ಲಿ ತೆರೆದ ತೊಟ್ಟಿಯುಳ್ಳ ಮೋಟಾರು ಬಂಡಿಗೆ ಅಲ್ಲಿ ಪಿಕಪ್ ಟ್ರಕ್ಕೆಂದು ಹೆಸರು. ಆ ತೊಟ್ಟಿಯೊಳಕ್ಕೆ ಜಾರಿಸಿ ಕೂರಿಸಬಹುದಾದ ಒಂದು ಪುಟ್ಟ ಮನೆಯೇ ಟ್ರಕ್ ಕ್ಯಾಂಪರ್. ಒಲೆ, ನೀರಿನ ತೊಟ್ಟಿ, ಶೀತಕಪಾಟು, ಸ್ನಾನದ ಮೂಲೆ, ಚಾಲಕನ ತಲೆಯ ಮೇಲ್ಗಡೆಗೆ ಚಾಚಿಕೊಂಡ ಹಾಸಿಗೆ, ಇವೆಲ್ಲವೂ ಅದರಲ್ಲಿ ಅಡಕವಾಗಿರುತ್ತವೆ. ಬೇಡವಾದಾಗ ನಾಲ್ಕು ಮೂಲೆಗಳ ಕಾಲುಗಳನ್ನು ಕೆಳಗಿಳಿಸಿ ಮನೆಯನ್ನು ಅವುಗಳ ಮೇಲೆ ನಿಲ್ಲಿಸಿದರೆ, ಬಂಡಿಯನ್ನು ಅದರಡಿಯಿಂದ ಹೊರಡಿಸಿಕೊಂಡು ಪೇಟೆಗೆ ಹೋಗಿಬರಬಹುದು.

ಈ ಏರ್ಪಾಡು ಇಂದು ನಿನ್ನೆಯದಲ್ಲ. ಫೋರ್ಡ್ ಕಂಪೆನಿಯವರು ತಮ್ಮ ಮಾಡೆಲ್ ಟಿ ಗಾಡಿಗೆ ತೊಟ್ಟಿಯನ್ನು ಕಾರ್ಖಾನೆಯಲ್ಲಿಯೇ ಜೋಡಿಸಿ ಮಾರಲಾರಂಭಿಸಿದ್ದು ೧೯೨೫ರಲ್ಲಿ. ೧೯೬೦ರಲ್ಲಿ ಪ್ರಸಿದ್ಧ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ತನ್ನ ನಾಯಿಯನ್ನು ಜೊತೆಯಲ್ಲಿ ಕೂರಿಸಿಕೊಂಡು ಇಂಥ ಬಂಡಿಯಲ್ಲಿಯೇ ದೇಶವನ್ನು ಸುತ್ತಿ ಬಂದನು. ಆ ಪ್ರವಾಸದ ಪುಸ್ತಕವು ೧೯೬೨ರಲ್ಲಿ ಹೊರಬಂದಿತು. ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನೇ, ಎಂದರೆ ರೋಸಿನಾಂಟೆ ಎಂದು, ಅವನು ಬಂಡಿಗೆ ಇಟ್ಟಿದ್ದನು. ಕ್ಯಾಲಿಫೋರ್ನಿಯಾದ ಸಲೀನಾಸ್ ಎಂಬ ಅವನ ಹುಟ್ಟೂರಿನ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇರಿಸಿದ್ದಾರೆ. ಅವನು ಹಗುರವಾದ ಬಂಡಿಯನ್ನು ಬಿಟ್ಟು ಮುಕ್ಕಾಲು ಟನ್ನಿನ ಬಂಡಿಯನ್ನೇ ಆರಿಸಿಕೊಂಡನೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಇಂದಿನ ಕ್ಯಾಂಪರುಗಳಾದರೋ ಆಗಿನವುಗಳಿಗಿಂತ ಬಹುಪಾಲು ಭಾರವಾಗಿ ಬೆಳೆದಿವೆ.

ತೊಡಕು ಹುಟ್ಟುವುದು ಕೊಳ್ಳುವ ಕ್ರಮದಲ್ಲಿ. ಸಾಮಾನ್ಯವಾಗಿ ಜನರು ಮೊದಲು ಬಂಡಿಯನ್ನು ಕೊಳ್ಳುತ್ತಾರೆ; ಆಮೇಲೆ ಕ್ಯಾಂಪರಿನ ಅಂದಕ್ಕೆ ಮನಸೋಲುತ್ತಾರೆ; ಎರಡೂ ಮನೆಗೆ ಬಂದ ಬಳಿಕ ಒಂದನ್ನು ಇನ್ನೊಂದು ಹೊತ್ತೀತೇ ಎಂದು ಕೇಳುತ್ತಾರೆ. ಮಾಡತಕ್ಕದ್ದು ಇದಕ್ಕೆ ತೀರ ವಿರುದ್ಧವಾದುದು. ಮೊದಲು ಮನೆ, ಆಮೇಲೆ ಅದರ ತೂಕ, ಕಡೆಯಲ್ಲಿ ಆ ತೂಕವನ್ನು ಹೊರಬಲ್ಲ ಬಂಡಿ.

ಅರ್ಧ ಟನ್ನು, ಮುಕ್ಕಾಲು ಟನ್ನು, ಒಂದು ಟನ್ನು ಎಂದು ಅಲ್ಲಿಯ ಬಂಡಿಗಳನ್ನು ಕರೆಯುವ ವಾಡಿಕೆಯುಂಟು. ಇವು ಹಳೆಯ ಕಾಲದ ಹೊರೆಯ ಲೆಕ್ಕದಿಂದ ಉಳಿದುಬಂದ ಹೆಸರುಗಳೇ ಹೊರತು ಇಂದಿನ ಅಳತೆಗಳಲ್ಲ. ಒಂದೇ ಹೆಸರಿನ ಎರಡು ಬಂಡಿಗಳು ಕೂಡ ಸಮನಾಗಿ ಹೊರಲಾರವು. ಡೀಸೆಲ್ ಯಂತ್ರವು ಪೆಟ್ರೋಲಿನ ಯಂತ್ರಕ್ಕಿಂತ ಭಾರ. ನಾಲ್ಕು ಬಾಗಿಲ ಕೋಣೆ ಎರಡು ಬಾಗಿಲ ಕೋಣೆಗಿಂತ ಭಾರ. ನಾಲ್ಕು ಗಾಲಿಗಳಿಗೂ ಬಲ ಕೊಡುವ ಏರ್ಪಾಡೂ ಭಾರವೇ. ಮಿತಿ ಒಂದೇ ಆಗಿರುವಲ್ಲಿ, ಬಂಡಿಯ ಸ್ವಂತ ತೂಕ ಹೆಚ್ಚಿದಷ್ಟೂ ಅದು ಹೊರಬಹುದಾದ ಹೊರೆ ಕಡಿಮೆಯಾಗುತ್ತದೆ. ಯಂತ್ರದ ಬಲವನ್ನು ಕಂಡು ಹಿಗ್ಗುವವರು ಈ ಸಂಗತಿಯನ್ನು ಮರೆಯುವುದುಂಟು. ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ.

ಹಾಗಾದರೆ ನಿಜವಾದ ಮಿತಿಯನ್ನು ತಿಳಿಯುವುದೆಲ್ಲಿ? ಚಾಲಕನ ಬಾಗಿಲನ್ನು ತೆರೆದರೆ ಅದರ ಅಂಚಿನಲ್ಲಿಯೋ ಚೌಕಟ್ಟಿನಲ್ಲಿಯೋ ಅಂಟಿಸಿದ ಚೀಟಿ ಕಾಣುತ್ತದೆ. ಬಂಡಿ, ಅದರಲ್ಲಿಯ ಜನ, ಹೊರೆ, ಇವೆಲ್ಲ ಸೇರಿ ಎಷ್ಟನ್ನು ಮೀರಬಾರದೆಂಬ ಒಟ್ಟು ಮಿತಿಯೂ, ಮುಂದಿನ ಅಚ್ಚು ಹಿಂದಿನ ಅಚ್ಚುಗಳಿಗೆ ಬೇರೆಬೇರೆಯಾದ ಮಿತಿಗಳೂ ಅಲ್ಲಿ ಬರೆದಿರುತ್ತವೆ. ಒಟ್ಟು ಮಿತಿ ೧೦,೦೦೦ ಪೌಂಡುಗಳೊಳಗಿರುವ ಬಂಡಿಗಳಲ್ಲಿ, ಜನ ಮತ್ತು ಹೊರೆ ಕೂಡಿ ಎಷ್ಟಿರಬಹುದೆಂಬುದನ್ನೂ ಟೈರಿನ ಚೀಟಿಯಲ್ಲಿ ನೇರವಾಗಿ ತಿಳಿಸಿರುತ್ತಾರೆ. ಅದಕ್ಕಿಂತ ದೊಡ್ಡ ಬಂಡಿಯಾದರೆ, ಇಂಧನವನ್ನು ಪೂರ್ತಿ ತುಂಬಿಸಿ ಬರಿಯ ಬಂಡಿಯನ್ನು ತೂಗಿಸಿ, ಆ ತೂಕವನ್ನು ಒಟ್ಟು ಮಿತಿಯಿಂದ ಕಳೆಯತಕ್ಕದ್ದು. ಉಳಿದದ್ದೇ ಹೊರೆಯ ಅವಕಾಶ. ಮಾರುವವನ ಬಾಯಿಮಾತು ಈ ಚೀಟಿಗೆ ಎಂದಿಗೂ ಸಮನಾಗದು.

ಇನ್ನು ಕ್ಯಾಂಪರಿನ ತೂಕ. ಜಾಹೀರಾತಿನ ಹಾಳೆಯಲ್ಲಿ ಕಾಣುವ ಅಂಕಿ ಬಹುಮಟ್ಟಿಗೆ ಒಣತೂಕ. ನೀರಿಲ್ಲ, ಅನಿಲವಿಲ್ಲ, ಅಕ್ಕಿಬೇಳೆಯಿಲ್ಲ. ಅಮೆರಿಕಾ ಸರಕಾರದ ನಿಯಮದ ಪ್ರಕಾರ ಪ್ರತಿ ಕ್ಯಾಂಪರಿನ ಮೇಲೂ ಒಂದು ತೂಕದ ಚೀಟಿ ಇರತಕ್ಕದ್ದು. ಇಷ್ಟು ನೀರು, ಇಷ್ಟು ಅನಿಲ ಸೇರಿದಾಗ ಇಷ್ಟು ತೂಕವೆಂದು ಅದು ಹೇಳುತ್ತದೆ. ಆದರೆ ಕೊಳ್ಳುವವರು ಅಪೇಕ್ಷಿಸಿ ಹಾಕಿಸಿಕೊಂಡ ಹೆಚ್ಚಿನ ಸಲಕರಣೆಗಳು ಆ ಲೆಕ್ಕದಲ್ಲಿಲ್ಲ. ಹನಿಹನಿಗೂಡಿದರೆ ಹಳ್ಳವೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಉದಾಹರಣೆಗಾಗಿ ಒಂದು ಲೆಕ್ಕವನ್ನು ಮಾಡೋಣ. ಗಂಡಹೆಂಡಿರು, ಇಬ್ಬರು ಚಿಕ್ಕ ಮಕ್ಕಳು. ಕ್ಯಾಂಪರಿನ ಒಣತೂಕ ೩,೦೦೦ ಪೌಂಡು. ಅಮೆರಿಕಾದ ಒಂದು ಗ್ಯಾಲನ್ ನೀರು ಸುಮಾರು ೮⅓ ಪೌಂಡು ತೂಗುವುದರಿಂದ ೫೦ ಗ್ಯಾಲನ್ ನೀರಿಗೆ ೪೧೭. ಎರಡು ಅಂಡೆಗಳ ಅನಿಲಕ್ಕೆ ೪೦. ಬಿಸಿಲುಮರೆ, ಹವೆ ತಂಪುಮಾಡುವ ಯಂತ್ರ, ಹೆಚ್ಚಿನ ಬ್ಯಾಟರಿ ಮುಂತಾದವುಗಳಿಗೆ ೪೦೦. ಪಾತ್ರೆ, ಬಟ್ಟೆ, ಹಾಸಿಗೆ, ದಿನಸಿಗಳಿಗೆ ೫೦೦. ಬಿಗಿಯುವ ಸರಪಳಿ ಕೊಂಡಿಗಳಿಗೆ ೧೫೦. ಜನರ ತೂಕ ೪೭೦. ಕೂಡಿಸಿದರೆ ೪,೯೭೭ ಪೌಂಡು, ಎಂದರೆ ಸುಮಾರು ೨,೨೬೦ ಕಿಲೋಗ್ರಾಂ. ಕೊಳ್ಳುವಾಗ ಮೂರು ಸಾವಿರವಿದ್ದ ಭಾರವು ಪ್ರಯಾಣದ ದಿನ ಐದು ಸಾವಿರವನ್ನು ಮುಟ್ಟಿತು.

ಈಗ ಬಂಡಿಯ ಕಡೆಗೆ ನೋಡೋಣ. ಹಿಂದೆ ಪಕ್ಕಕ್ಕೊಂದೇ ಗಾಲಿಯುಳ್ಳ ಒಂದು ಟನ್ನಿನ ಬಂಡಿಯ ಒಟ್ಟು ಮಿತಿ ೧೧,೫೦೦ ಪೌಂಡು, ಸ್ವಂತ ತೂಕ ೭,೫೦೦ ಎಂದಿಟ್ಟುಕೊಂಡರೆ ಉಳಿಯುವುದು ೪,೦೦೦. ನಮ್ಮ ಕುಟುಂಬವು ಅದನ್ನು ೯೭೭ ಪೌಂಡುಗಳಷ್ಟು ಮೀರಿತು. ಹಿಂದೆ ಪಕ್ಕಕ್ಕೆರಡರಂತೆ ನಾಲ್ಕು ಗಾಲಿಗಳುಳ್ಳ ಬಂಡಿಯ ಮಿತಿ ೧೪,೦೦೦, ಸ್ವಂತ ತೂಕ ೮,೨೦೦ ಆದರೆ ಅವಕಾಶ ೫,೮೦೦. ಎಲ್ಲವನ್ನೂ ಹೊತ್ತು ಇನ್ನೂ ೮೨೩ ಪೌಂಡು ಮಿಗುತ್ತದೆ. ಮುಕ್ಕಾಲು ಟನ್ನಿನ ಬಂಡಿಯ ಮಾತನ್ನು ಇಲ್ಲಿ ಎತ್ತುವಂತೆಯೇ ಇಲ್ಲ.

ಒಟ್ಟು ಮಿತಿಯೊಂದನ್ನೇ ನೋಡಿದರೂ ಸಾಲದು. ಕ್ಯಾಂಪರಿನ ಭಾರವೆಲ್ಲ ಹೆಚ್ಚುಕಡಿಮೆ ಹಿಂದಿನ ಅಚ್ಚಿನ ಮೇಲೆಯೇ ಕೂರುತ್ತದೆ. ಬರಿಯ ಬಂಡಿಯ ಹಿಂದಿನ ಅಚ್ಚಿನ ಮೇಲೆ ೩,೨೦೦ ಪೌಂಡು ಇದ್ದರೆ, ಜನರನ್ನು ಬಿಟ್ಟು ಉಳಿದ ೪,೫೦೭ ಅದಕ್ಕೆ ಸೇರಿ ೭,೭೦೭ ಆಯಿತು. ಒಂದೊಂದು ೩,೬೪೦ ಪೌಂಡು ಹೊರಬಲ್ಲ ಎರಡು ಗಟ್ಟಿ ಟೈರುಗಳು ಸೇರಿದರೂ ೭,೨೮೦ಕ್ಕೆ ಮೇಲಿಲ್ಲ. ಅದೂ ಪೂರ್ಣ ಗಾಳಿಯಿದ್ದಾಗಿನ ಮಾತು. ಮಿತಿಮೀರಿದ ಟೈರು ಬೇಸಗೆಯ ಹೆದ್ದಾರಿಯಲ್ಲಿ ಕಾಯುತ್ತ ಕಾಯುತ್ತ ಒಡೆಯಬಹುದು. ಒಡೆದಾಗ ತಲೆಭಾರವಾದ ಆ ಮನೆ ಒಂದು ಪಕ್ಕಕ್ಕೆ ಕುಸಿಯುತ್ತದೆ. ಜೋಡಿ ಗಾಲಿಗಳಿರುವಲ್ಲಿ ಒಂದೊಂದು ಟೈರಿನ ಮಿತಿ ತುಸು ಇಳಿಯುತ್ತದೆಯಾದರೂ ನಾಲ್ಕರ ಮೊತ್ತ ಬಹಳ ಹೆಚ್ಚು. ಅಗಲವಾಗಿ ನಿಂತುದರಿಂದ ಪಕ್ಕಗಾಳಿಗೆ ಓಲಾಟವೂ ಕಡಿಮೆ. ಒಟ್ಟು ಮಿತಿ, ಅಚ್ಚಿನ ಮಿತಿ, ಟೈರಿನ ಮಿತಿ, ಈ ಮೂರರಲ್ಲಿ ಯಾವುದು ಮೊದಲು ಮುಟ್ಟುವುದೋ ಅದೇ ಬಂಡಿಯ ನಿಜವಾದ ಮಿತಿಯೆಂದು ತಿಳಿಯಬೇಕು.

ಭಾರವೆಷ್ಟು ಎಂಬುದರ ಜೊತೆಗೆ ಭಾರವೆಲ್ಲಿ ಎಂಬ ಪ್ರಶ್ನೆಯೂ ಇದೆ. ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ನೊಗವು ಎತ್ತುಗಳ ಕೊರಳನ್ನು ಹಿಡಿಯುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಮೋಟಾರು ಬಂಡಿಯಲ್ಲಿಯೂ ನ್ಯಾಯ ಅದೇ. ಕ್ಯಾಂಪರಿನ ಭಾರಕೇಂದ್ರವು ಹಿಂದಿನ ಅಚ್ಚಿಗಿಂತ ಮುಂದಕ್ಕೆ ಬೀಳತಕ್ಕದ್ದು. ಹಿಂದಕ್ಕೆ ಬಿದ್ದರೆ ಮುಂದಿನ ಗಾಲಿಗಳು ಹಗುರವಾಗಿ, ಚಾಲಕನು ತಿರುಗಿಸಿದತ್ತ ಬಂಡಿ ತಿರುಗದೆ ಹೋದೀತು. ಕ್ಯಾಂಪರು ಮಾಡುವವರು ಈ ಕೇಂದ್ರದ ಸ್ಥಾನವನ್ನೂ, ಬಂಡಿ ಮಾಡುವವರು ಅದು ಯಾವ ಎಲ್ಲೆಯೊಳಗೆ ಬೀಳಬೇಕೆಂಬುದನ್ನೂ ತಿಳಿಸಬೇಕೆಂದು ಅಲ್ಲಿಯ ನಿಯಮವಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿರಿ. ಎಂಟು ಅಡಿಯ ತೊಟ್ಟಿಗಾಗಿ ಮಾಡಿದ ಮನೆಯನ್ನು ಆರೂವರೆ ಅಡಿಯ ತೊಟ್ಟಿಯಲ್ಲಿ ಕೂರಿಸುವುದು ಈ ಕಾರಣದಿಂದಲೇ ಅಪಾಯಕರ.

ತೊಟ್ಟಿ ಹಿಂದಕ್ಕೆ ಕುಸಿದುದನ್ನು ಕಂಡು, ಗಾಳಿಚೀಲಗಳನ್ನೋ ಹೆಚ್ಚಿನ ಸ್ಪ್ರಿಂಗುಗಳನ್ನೋ ಹಾಕಿಸಿದರೆ ಸಾಕೆಂದು ಸಲಹೆ ಕೊಡುವವರುಂಟು. ಇವು ಬಂಡಿಯನ್ನು ಸಮನಾಗಿ ನಿಲ್ಲಿಸುವವು, ಓಲಾಟವನ್ನು ತಗ್ಗಿಸುವವು. ಅಷ್ಟು ಉಪಕಾರ ನಿಜ. ಆದರೆ ಬಾಗಿಲ ಚೀಟಿಯ ಅಂಕಿಯನ್ನು ಒಂದು ಪೌಂಡಿನಷ್ಟಾದರೂ ಏರಿಸಲಾರವು. ಅಚ್ಚು, ಬ್ರೇಕು, ಟೈರುಗಳು ಮೊದಲಿದ್ದಂತೆಯೇ ಉಳಿಯುತ್ತವೆ. ಜ್ವರ ಬಂದವನಿಗೆ ಹೊಸ ಅಂಗಿ ತೊಡಿಸಿದರೆ ನೋಡುವವರಿಗೆ ಚೆಂದ, ಜ್ವರವೇನೂ ಇಳಿಯದು.

ಜೋಡಿ ಗಾಲಿಯ ಬಂಡಿಯಲ್ಲಿ ಅನನುಕೂಲಗಳಿಲ್ಲವೆಂದಲ್ಲ. ಹಿಂಭಾಗದಲ್ಲಿ ಸುಮಾರು ಎಂಟು ಅಡಿ ಅಗಲ. ಪೇಟೆಯ ಇಕ್ಕಟ್ಟಿನಲ್ಲಿ ನಿಲ್ಲಿಸುವುದು ಕಷ್ಟ. ಬರಿದಾಗಿ ಓಡುವಾಗ ಕುಲುಕಾಟ. ಬದಲಿಸಬೇಕಾದ ಟೈರುಗಳು ಆರು. ಕ್ಯಾಂಪರಿನ ಕಾಲುಗಳು ಆ ಅಗಲವನ್ನು ದಾಟುವಷ್ಟು ಹೊರಚಾಚುವವೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಇವೆಲ್ಲ ಬೇಡವೆನ್ನುವವರಿಗೆ ಇನ್ನೊಂದು ಮಾರ್ಗವುಂಟು: ಮನೆಯನ್ನೇ ಹಗುರವಾದುದನ್ನು ಆರಿಸುವುದು. ಮೇಲ್ಛಾವಣಿಯನ್ನು ಮಡಿಸಿ ಎತ್ತುವಂಥ ಚಿಕ್ಕ ಕ್ಯಾಂಪರುಗಳು ಸಣ್ಣ ಬಂಡಿಗಳಿಗಾಗಿಯೇ ಇವೆ. ಬಂಡಿ ಈಗಾಗಲೇ ಮನೆಯಲ್ಲಿರುವವರು ಆ ಬಂಡಿಯ ಚೀಟಿಗೆ ಒಳಪಟ್ಟ ಕ್ಯಾಂಪರನ್ನೇ ಹುಡುಕತಕ್ಕದ್ದು. ಹಾಸಿಗೆಯಿದ್ದಷ್ಟು ಕಾಲು ಚಾಚುವುದರಲ್ಲಿ ಅವಮಾನವೇನೂ ಇಲ್ಲ.

ಕಡೆಯದಾಗಿ, ಯಾವ ಲೆಕ್ಕವೂ ತಕ್ಕಡಿಗೆ ಸಮನಲ್ಲ. ಅಲ್ಲಿಯ ಹೆದ್ದಾರಿಗಳ ಪಕ್ಕದಲ್ಲಿ ಲಾರಿಗಳು ತಂಗುವ ತಾಣಗಳಿವೆ. ಎಷ್ಟೋ ತಾಣಗಳಲ್ಲಿ ವೇಬ್ರಿಡ್ಜ್ ಇರುತ್ತದೆ. ಅಚ್ಚುಗಳ ತೂಕವನ್ನು ಬೇರೆಬೇರೆಯಾಗಿ ತೋರಿಸುವಂಥದನ್ನು ಹುಡುಕಿ, ನೀರು ತುಂಬಿ, ದಿನಸಿಯಿಟ್ಟು, ಜನರೆಲ್ಲರೂ ಕುಳಿತು, ಒಮ್ಮೆ ತೂಗಿಸಬೇಕು. ಮುಂದಿನ ಅಚ್ಚಿನ ತೂಕ ಬರಿಯ ಬಂಡಿಯದಕ್ಕಿಂತ ಇಳಿದಿದ್ದರೆ ಭಾರವು ಹಿಂದಕ್ಕೆ ಬಿದ್ದಿದೆಯೆಂದು ಅರ್ಥ. ಹಿಂದಿನದು ಮಿತಿಯನ್ನು ದಾಟಿದ್ದರೆ ಏನನ್ನಾದರೂ ಇಳಿಸಲೇಬೇಕು. ತಂಗುವ ಸ್ಥಳದಲ್ಲಿ ನೀರು ಸಿಗುವಂತಿದ್ದರೆ ಅಲ್ಲಿಗೆ ಹೋಗಿ ತುಂಬಿಕೊಳ್ಳುವುದು ಲೇಸು. ಬಳಸಿದ ನೀರನ್ನು ಹೊತ್ತು ತಿರುಗದೆ, ಅದಕ್ಕಾಗಿಯೇ ಇರುವ ಸ್ಥಳದಲ್ಲಿ ಬರಿದುಮಾಡಿ ಹೊರಡಬೇಕು.

ಬೆಟ್ಟವನ್ನು ಏರುವಾಗ ಯಂತ್ರವು ಸೋತರೆ ಬಂಡಿ ನಿಧಾನವಾಗುತ್ತದೆ, ಅಷ್ಟೆ. ಇಳಿಯುವಾಗ ಬ್ರೇಕು ಕಾಯ್ದು ಸೋತರೆ ನಿಧಾನಿಸುವ ಉಪಾಯವೇ ಕೈತಪ್ಪುತ್ತದೆ. ಆ ಬಂಡಿಯಲ್ಲಿ ಕುಳಿತಿರುವವರು ನಮ್ಮ ಮಕ್ಕಳು, ನಮ್ಮ ಮೊಮ್ಮಕ್ಕಳು. ದೂರದಲ್ಲಿರುವ ಮಗನೋ ಮಗಳೋ ಇಂಥ ಮನೆಯನ್ನು ಕೊಳ್ಳುವುದಾಗಿ ಬರೆದರೆ, ಬಣ್ಣವಾವುದು, ಬೆಲೆಯೆಷ್ಟು ಎಂದು ಕೇಳುವ ಮುನ್ನ, ಬಾಗಿಲ ಚೀಟಿಯಲ್ಲಿ ಏನು ಬರೆದಿದೆಯೆಂದು ಹಿರಿಯರು ಕೇಳಲಿ.